ತೋಟದ ಹವಾಮಾನ ಯಂತ್ರದ ದಾಖಲೆ: ಉಳಿಸೋದು, ತೆಗೆಯೋದು – ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ವೈಫೈ ಇರುವ ಸಣ್ಣ ಹವಾಮಾನ ಯಂತ್ರಗಳು ಈಗ ಅಪರೂಪವಲ್ಲ. ಕೆಲವರು ರೆಡಿ ಸೆಟ್ ತರಿಸಿದ್ದಾರೆ, ಕೆಲವರು ಇಎಸ್‌ಪಿ32 ಅನ್ನುವ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೊಂಡು ತಾವೇ ಕಟ್ಟಿಕೊಂಡಿದ್ದಾರೆ. ಕೂರಿಸೋದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಳೆದದ್ದು ಎಲ್ಲಿ ಉಳಿಯುತ್ತದೆ, ಬೇಕಾದಾಗ ಹೇಗೆ ತೆಗೆಯಬೇಕು ಅನ್ನುವಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಫೋನ್‌ನಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲೆಲ್ಲ ನನ್ನದು ಒಂದೇ ಹಟ: ಮೊದಲು ಯಂತ್ರದ ಹತ್ತಿರವೇ ಬರೆದಿಡಬೇಕು, ಆಮೇಲೆ ಕಳಿಸಬೇಕು.

## ಶುರು ಮಾಡುವವರಿಗೆ

ಫೋನ್‌ನಲ್ಲೇ ಎಲ್ಲಾ ಕಾಣುತ್ತಲ್ಲ ಸರ್, ಮತ್ತೆ ಬೇರೆ ದಾಖಲೆ ಯಾಕೆ?

ಫೋನ್‌ನಲ್ಲಿ ಕಾಣೋದು ಈಗಿನ ಮಳೆ, ಈಗಿನ ಬಿಸಿಲು. ಹೋದ ವರ್ಷ ಮಾರ್ಚ್‌ನಲ್ಲಿ ಹೂಮಳೆ ಯಾವ ದಿನ ಬಿತ್ತು, ಅದಾದ ಮೇಲೆ ಬ್ಯಾಕಿಂಗ್ ಮಳೆ (ಹೂ ಕಾಯಿಕಟ್ಟಲು ಬೇಕಾದ ಎರಡನೇ ಮಳೆ) ಎಷ್ಟು ದಿನಕ್ಕೆ ಬಂತು ಅಂತ ನೋಡಬೇಕಾದಾಗ ಹಳೆಯ ಸಾಲುಗಳೇ (ಒಂದೊಂದು ಸಲ ಅಳೆದಾಗ ಬರೆದದ್ದು ಒಂದೊಂದು ಸಾಲು) ಬೇಕು. ಎಷ್ಟೋ ಆ್ಯಪ್‌ಗಳು ಪುಕ್ಕಟೆ ಖಾತೆಗೆ ಇಷ್ಟೇ ದಿನದ ಡೇಟಾ ಅಂತ ಮಿತಿ ಇಟ್ಟಿರುತ್ತವೆ. ಕೆಲವು ಹಳೆಯದನ್ನು ಇಟ್ಟರೂ ಐದು ನಿಮಿಷದ ಲೆಕ್ಕ ಬಿಟ್ಟು ದಿನದ ಸರಾಸರಿ ಮಾತ್ರ ಕೊಡುತ್ತವೆ. ಕಂಪನಿ ಆ ಸೇವೆಯನ್ನೇ ನಿಲ್ಲಿಸಿದರೆ ಕೇಳೋದು ಯಾರನ್ನು? ನಿಮ್ಮ ತೋಟದ ಲೆಕ್ಕ ನಿಮ್ಮ ಹತ್ತಿರ ಇರಬೇಕು.

ಡೇಟಾ ನಿಜವಾಗಿ ಎಲ್ಲಿ ಇರುತ್ತೆ? ಯಂತ್ರದಲ್ಲೋ, ರೂಟರ್‌ನಲ್ಲೋ, ಕ್ಲೌಡ್‌ನಲ್ಲೋ?

ರೂಟರ್‌ನಲ್ಲಿ ಏನೂ ಉಳಿಯೋದಿಲ್ಲ, ಅದು ದಾಟಿಸಿ ಬಿಡುತ್ತದೆ ಅಷ್ಟೇ. ಉಳಿಯುವ ಜಾಗ ಎರಡು: ಯಂತ್ರದ ಸ್ವಂತ ಮೆಮರಿ ಅಥವಾ ಕಾರ್ಡ್, ಮತ್ತೆ ದೂರದ ಸರ್ವರ್. ರೆಡಿ ಸೆಟ್ ಕೊಳ್ಳುವಾಗ ಅಂಗಡಿಯಲ್ಲಿ ಇದೊಂದು ಕೇಳಿ: "ನೆಟ್ ಇಲ್ಲದಾಗ ಎಷ್ಟು ಸಾಲು ಇದರೊಳಗೇ ಉಳಿಯುತ್ತೆ?" ಒಂದು ಉದಾಹರಣೆ ಕೊಡುತ್ತೇನೆ. ಡೇವಿಸ್ ಕಂಪನಿಯ ವೆದರ್‌ಲಿಂಕ್ ಲಾಗರ್‌ನಲ್ಲಿ (ಅಳತೆ ಬರೆದಿಡುವ ಭಾಗ) 2560 ಸಾಲು ಹಿಡಿಯುತ್ತದೆ. ಅರ್ಧ ಗಂಟೆಗೊಂದು ಸಾಲು ಅಂದರೆ 53 ದಿನ. ಐದು ನಿಮಿಷಕ್ಕೊಂದು ಅಂದರೆ ಒಂಬತ್ತು ದಿನವೂ ಇಲ್ಲ. ನಿಮಿಷಕ್ಕೊಂದು ಅಂದರೆ ಎರಡು ದಿನದೊಳಗೆ ತುಂಬಿ ಹಳೆಯದರ ಮೇಲೆ ಹೊಸದು ಬರುತ್ತದೆ. ಕಡಿಮೆ ಬೆಲೆಯ ಕೆಲವು ವೈಫೈ ಸೆಟ್‌ಗಳು ಒಳಗೆ ಏನನ್ನೂ ಇಟ್ಟುಕೊಳ್ಳೋದೇ ಇಲ್ಲ. ಅಂಥದ್ದು ಮಳೆಗಾಲದ ಮಲೆನಾಡಿಗೆ ಆಗಿ ಬರೋದಿಲ್ಲ.

ಎಷ್ಟು ನಿಮಿಷಕ್ಕೊಮ್ಮೆ ಬರೆಸಲಿ?

ತೋಟದ ಕೆಲಸಕ್ಕೆ ಐದು ನಿಮಿಷ ಚೆನ್ನಾಗಿ ಹೊಂದುತ್ತದೆ. ದಿನಕ್ಕೆ 288 ಸಾಲು, ವರ್ಷಕ್ಕೆ 1,05,120 ಸಾಲು. ಮಳೆಯ ರಭಸವೂ ಗೊತ್ತಾಗುತ್ತದೆ, ಕಡತವೂ ಹಗುರ ಇರುತ್ತದೆ. ಸೋಲಾರ್ ಸಣ್ಣದು, ಜೂನ್‌ನಲ್ಲಿ ಬಿಸಿಲೇ ಇಲ್ಲ ಅನ್ನುವ ಕಡೆ 15 ನಿಮಿಷ ಇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹಾಕಿರುವ ಮಳೆಮಾಪಕಗಳೂ 15 ನಿಮಿಷದ ಲೆಕ್ಕದವೇ. ಹಾಗಾಗಿ ಹೋಲಿಸೋದೂ ಸುಲಭ.

32 ಜಿಬಿ ಕಾರ್ಡ್ ಸಾಕಾ, 128 ಹಾಕಲಾ?

32 ಬೇಕಾದಷ್ಟಾಯಿತು. ಒಂದು ಸಾಲಿಗೆ 60 ಬೈಟ್ ಅಂದರೂ ಐದು ನಿಮಿಷದ ಲೆಕ್ಕದಲ್ಲಿ ವರ್ಷಕ್ಕೆ ಆರೂಕಾಲು ಎಂಬಿ ಮಾತ್ರ. ಇನ್ನೊಂದು ವಿಷಯ: 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಸಣ್ಣ ಬೋರ್ಡ್‌ಗಳಲ್ಲಿ ಎಷ್ಟೋ ಅದನ್ನು ಓದೋದಿಲ್ಲ. ಆ ದುಡ್ಡಲ್ಲಿ ಒಳ್ಳೆ ಗುಣಮಟ್ಟದ ಚಿಕ್ಕ ಕಾರ್ಡ್ ಎರಡು ತನ್ನಿ.

ಒಂದು ಸಾಲಿನಲ್ಲಿ ಏನೇನು ಇರಬೇಕು?

ಸರಳವಾದ ಸಿಎಸ್‌ವಿ ಕಡತ, ಅಂದರೆ ಅಂಕಿಗಳ ನಡುವೆ ಅಲ್ಪವಿರಾಮ ಹಾಕಿ ಬರೆದ ಕಡತ ಸಾಕು. ಸಾಲು ಹೀಗಿರಲಿ:

2024-07-16 06:25:00, 01, 48213, 19.4, 97, 903.2, 12.61

ಸಮಯ, ಯಂತ್ರದ ನಂಬರ್, ಮಳೆಯ ಒಟ್ಟು ಎಣಿಕೆ, ಉಷ್ಣತೆ, ತೇವಾಂಶ, ಗಾಳಿಯ ಒತ್ತಡ, ಬ್ಯಾಟರಿಯ ವೋಲ್ಟ್. ಒತ್ತಡ 903 ಇದೆ, ಯಂತ್ರ ಕೆಟ್ಟಿದೆಯಾ ಅಂತ ಬಹಳ ಜನ ಗಾಬರಿಯಾಗುತ್ತಾರೆ. ಇಲ್ಲ. ಸಾವಿರ ಮೀಟರ್ ಹತ್ತಿರದ ಎತ್ತರದಲ್ಲಿ ಅದು ಸರಿಯಾದ ಅಂಕಿಯೇ. ಟಿವಿಯಲ್ಲಿ ಹೇಳುವ 1010ರ ಹತ್ತಿರದ ಅಂಕಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಆ ಲೆಕ್ಕ ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಿ. ಕಾರ್ಡ್‌ನಲ್ಲಿ ಸೆನ್ಸರ್ ಹೇಳಿದ್ದೇ ಇರಲಿ.

ಕೊನೆಯ ಬ್ಯಾಟರಿ ಅಂಕಣವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ. ಆದರೆ ಯಂತ್ರ ರಾತ್ರಿ ಮೂರಕ್ಕೆ ನಿಂತಿತು ಅಂದರೆ ಕಾರಣ ಮೊದಲು ಕಾಣೋದು ಅಲ್ಲೇ.

ಕಡತಗಳು ದಿನಕ್ಕೊಂದು ಇರಲಿ. ಹೆಸರು 20240716 ಅಂತ ಇಟ್ಟರೆ ತಾನಾಗಿ ದಿನಾಂಕದ ಸಾಲಿಗೆ ಬಂದು ಕೂರುತ್ತದೆ. ಆರ್ಡುಯಿನೋ ಬೋರ್ಡ್‌ಗಳು ಕಾರ್ಡ್‌ಗೆ ಬರೆಯಲು ಬಳಸುವ ಎಸ್‌ಡಿ ಲೈಬ್ರರಿ (ಸಿದ್ಧ ಪ್ರೋಗ್ರಾಂ) ಹೆಸರಿಗೆ ಎಂಟು ಅಕ್ಷರ, ಚುಕ್ಕಿ ಆದ ಮೇಲೆ ಮೂರು ಅಕ್ಷರ ಮಾತ್ರ ಒಪ್ಪುತ್ತದೆ. ಅದಕ್ಕೂ ಇದು ಸರಿಯಾಗಿ ಕೂರುತ್ತದೆ.

## ಮಳೆ ಮತ್ತು ಗಡಿಯಾರ

ಮಿಲಿಮೀಟರ್ ಬರೆಯೋದು ಬಿಟ್ಟು ಒಟ್ಟು ಎಣಿಕೆ ಯಾಕೆ?

ಟಿಪ್ಪಿಂಗ್ ಬಕೆಟ್ ಮಳೆಮಾಪಕದೊಳಗೆ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿ ಮಗುಚಿದಾಗ ಒಂದು ಎಣಿಕೆ. ಹಲವು ಮಾಪಕಗಳಲ್ಲಿ ಒಂದು ಮಗುಚಿಗೆ 0.2 ಮಿ.ಮೀ. ಮಳೆ. ಪ್ರತಿ ಸಾಲಿನಲ್ಲಿ "ಈ ಐದು ನಿಮಿಷದಲ್ಲಿ ಇಷ್ಟು" ಅಂತ ಬರೆದರೆ, ಒಂದು ಸಾಲು ಕಳೆದುಹೋದರೆ ಆ ಮಳೆಯೂ ಹೋಯಿತು. ಏರುತ್ತಾ ಹೋಗುವ ಒಟ್ಟು ಎಣಿಕೆ ಬರೆದರೆ ಹಾಗಾಗೋದಿಲ್ಲ.

ಮೇಲಿನ ಸಾಲನ್ನೇ ನೋಡಿ. 06:25ಕ್ಕೆ 48213 ಇತ್ತು. ಆಮೇಲೆ ಕಾರ್ಡ್ ತಕರಾರು ಮಾಡಿ ಮಧ್ಯದ ಸಾಲುಗಳು ಹೋದವು, ಮುಂದಿನ ಸಾಲು ಸಿಕ್ಕಿದ್ದು 09:10ಕ್ಕೆ, ಅಲ್ಲಿ 48391 ಇದೆ ಅಂದುಕೊಳ್ಳಿ. ವ್ಯತ್ಯಾಸ 178, ಅಂದರೆ 35.6 ಮಿ.ಮೀ. ಯಾವ ಹೊತ್ತಲ್ಲಿ ಜೋರಾಗಿ ಬಿತ್ತು ಅನ್ನೋದು ಗೊತ್ತಾಗಲ್ಲ, ಆದರೆ ದಿನದ ಮೊತ್ತ ಉಳಿಯಿತು.

ಇದಕ್ಕೆ ಎರಡು ಷರತ್ತು. ಎಣಿಸುವ ಬೋರ್ಡ್‌ಗೆ ಅಷ್ಟು ಹೊತ್ತೂ ಕರೆಂಟ್ ಇದ್ದಿರಬೇಕು. ಮತ್ತೆ ಆ ಎಣಿಕೆಯನ್ನು ಕರೆಂಟ್ ಹೋದರೂ ಅಳಿಯದ ಮೆಮರಿಯಲ್ಲಿ ಆಗಾಗ ಬರೆದಿಡಬೇಕು. ಇಲ್ಲದಿದ್ದರೆ ಯಂತ್ರ ಮತ್ತೆ ಶುರುವಾದಾಗ ಸೊನ್ನೆಯಿಂದ ಹೊರಡುತ್ತದೆ. ಎಣಿಕೆ ಹಿಂದಕ್ಕೆ ಹೋದ ಸಾಲು ಕಂಡರೆ ಅಲ್ಲಿ ಯಂತ್ರ ರೀಸೆಟ್ ಆಗಿದೆ ಅಂತ ತಿಳಿದು ಲೆಕ್ಕ ಅಲ್ಲಿಂದ ಹೊಸದಾಗಿ ಹಿಡಿಯಿರಿ.

ನಮ್ಮ ಮನೆಯಲ್ಲಿ ಇಂಚು, ಸೆಂಟ್ಸ್ ಅಂದರೆ ಮಾತ್ರ ಅರ್ಥ ಆಗೋದು. ಹಾಗೇ ಬರೆಸಬಹುದಾ?

ಓದುವಾಗ ಹಾಗೇ ತೋರಿಸಿ, ತಪ್ಪೇನಿಲ್ಲ. ಒಂದು ಇಂಚು 25.4 ಮಿ.ಮೀ., ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್, ಅಂದರೆ 0.254 ಮಿ.ಮೀ. ಇಂಚಿನ ಲೆಕ್ಕದ ಮಳೆಮಾಪಕಗಳಲ್ಲಿ ಬಟ್ಟಲು ಒಂದು ಸಲ ಮಗುಚಿದರೆ 0.01 ಇಂಚು, ಅದು ಸರಿಯಾಗಿ ನಮ್ಮ ಒಂದು ಸೆಂಟ್. ಹಿರಿಯರು "ನಿನ್ನೆ 80 ಸೆಂಟ್ಸ್ ಬಿತ್ತು" ಅಂದರೆ ಯಂತ್ರದ ಭಾಷೆಯಲ್ಲಿ 80 ಮಗುಚು. ಇದು ನನಗೆ ಬಹಳ ಇಷ್ಟವಾದ ಹೊಂದಾಣಿಕೆ. ಆದರೆ ನಿಮ್ಮದು 0.2ರ ಮಾಪಕವೋ 0.254ರದ್ದೋ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಅದು ಅದಲುಬದಲಾದರೆ ವರ್ಷದ ಮಳೆಯಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಏರುಪೇರಾಗುತ್ತದೆ.

ನನ್ನ ಯಂತ್ರದ ದಿನದ ಮಳೆ ಇಲಾಖೆ ಲೆಕ್ಕಕ್ಕೆ ಹೊಂದೋದೇ ಇಲ್ಲ. ಯಾರದ್ದು ತಪ್ಪು?

ಬಹುಪಾಲು ಸಲ ಯಾರದ್ದೂ ತಪ್ಪಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ. ಅಳೆದ ಬೆಳಗಿನ ತಾರೀಕಿಗೆ ಅದನ್ನು ಬರೆಯುತ್ತಾರೆ. 17ನೇ ತಾರೀಕಿನ ಮಳೆ ಅಂದರೆ 16ರ 8:30ರಿಂದ 17ರ 8:30ರವರೆಗೆ ಬಿದ್ದದ್ದು. ನಿಮ್ಮ ಆ್ಯಪ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡುತ್ತದೆ. ರಾತ್ರಿ ಮಳೆ ಜಾಸ್ತಿ ಇರುವ ಜುಲೈನಲ್ಲಿ ಎರಡೂ ಎಲ್ಲಿ ಹೊಂದಬೇಕು? ಐದು ನಿಮಿಷದ ಸಾಲುಗಳು ಕೈಯಲ್ಲಿದ್ದರೆ 8:30ರ ಲೆಕ್ಕ ನೀವೇ ಕೂಡಬಹುದು.

ಯಂತ್ರ ಜಾಗತಿಕ ಸಮಯದಲ್ಲಿ ಬರೆಯುತ್ತಿದ್ದರೆ ನಮ್ಮ 8:30 ಅಲ್ಲಿ 03:00 ಅಂತ ಕಾಣುತ್ತದೆ. ಯಾವ ಸಮಯವಾದರೂ ಇರಲಿ, ಕಡತದ ಮೊದಲ ಸಾಲಿನಲ್ಲಿ ಯಾವುದು ಅಂತ ಬರೆದಿರಬೇಕು. ಇಷ್ಟಾದ ಮೇಲೂ ವ್ಯತ್ಯಾಸ ಇದ್ದರೆ, ಪಂಚಾಯಿತಿ ಮಾಪಕ ಇರೋದು ಗುಡ್ಡದ ಆ ಕಡೆ ಇರಬಹುದು. ಮಲೆನಾಡಲ್ಲಿ ಒಂದೆರಡು ಮೈಲಿಗೇ ಮಳೆ ಬೇರೆ.

ಕೆಲವು ಸಾಲಿನಲ್ಲಿ 1970 ಅಂತ ಬರ್ತಿದೆ, ಇದೇನು?

ಯಂತ್ರಕ್ಕೆ ಸಮಯವೇ ಗೊತ್ತಿಲ್ಲ ಅಂತ ಅರ್ಥ. ಒಳಗಿನ ಗಡಿಯಾರ 1970 ಜನವರಿ 1ರಿಂದ ಸೆಕೆಂಡ್ ಎಣಿಸುತ್ತದೆ. ಕರೆಂಟ್ ಬಂದ ಮೇಲೆ ನೆಟ್ ಸಿಗದಿದ್ದರೆ ಅಲ್ಲಿಂದಲೇ ಶುರು. ಇದಕ್ಕೆ ಮದ್ದು ಡಿಎಸ್3231 ಅನ್ನುವ ಪುಟ್ಟ ಗಡಿಯಾರ ಚಿಪ್. ನಮ್ಮ ಕಡೆಯ ಚಳಿ, ಸೆಖೆಯಲ್ಲಿ ಅದು ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಹಿಂದೆ ಮುಂದೆ ಆಗುತ್ತದೆ. ನೆಟ್ ಇದ್ದಾಗ ದಿನಕ್ಕೊಮ್ಮೆ ಸರಿಪಡಿಸಿಕೊಂಡರೆ ಅದೂ ಇಲ್ಲ. ಒಂದು ಎಚ್ಚರಿಕೆ: ಅಗ್ಗದ ಡಿಎಸ್3231 ಬೋರ್ಡ್‌ಗಳಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದರಲ್ಲಿ ಮಾಮೂಲಿ ಸಿಆರ್2032 ಸೆಲ್ ಹಾಕಿದರೆ ಸೆಲ್ ಉಬ್ಬುತ್ತದೆ. ಆ ದಾರಿಯ ಡಯೋಡ್ ತೆಗೆಸಿ, ಇಲ್ಲವೇ ಚಾರ್ಜ್ ಆಗುವ ಎಲ್‌ಐಆರ್2032 ಹಾಕಿ.

## ನೆಟ್ ಇಲ್ಲ, ಕರೆಂಟ್ ಇಲ್ಲ

ಎರಡು ದಿನ ನೆಟ್ ಇರಲಿಲ್ಲ. ಆ ಎರಡು ದಿನದ್ದು ಬರುತ್ತಾ, ಹೋಯ್ತಾ?

ನಿಮ್ಮ ಯಂತ್ರ ಯಾವ ಕ್ರಮದಲ್ಲಿ ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಳೆದ ಕೂಡಲೇ ಕಳಿಸಿ ಮರೆತುಬಿಡುವ ಯಂತ್ರವಾದರೆ ಹೋಯಿತು. ಸರಿಯಾದ ಕ್ರಮ ಹೀಗೆ: ಅಳೆದದ್ದನ್ನು ಮೊದಲು ಕಾರ್ಡ್‌ಗೆ ಬರೆಯಬೇಕು. "ಇಲ್ಲಿಯವರೆಗೆ ಕಳಿಸಿ ಆಗಿದೆ" ಅನ್ನುವ ಗುರುತನ್ನು ಬೇರೆ ಸಣ್ಣ ಕಡತದಲ್ಲಿ ಇಡಬೇಕು. ನೆಟ್ ಬಂದಾಗ ಗುರುತಿನಿಂದ ಮುಂದಿನ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಕಳಿಸಬೇಕು. ಸರ್ವರ್ "ಬಂತು" ಅಂದ ಮೇಲೆ ಮಾತ್ರ ಗುರುತನ್ನು ಮುಂದಕ್ಕೆ ಸರಿಸಬೇಕು. ನಾಲ್ಕು ದಿನ ನೆಟ್ ಹೋದರೂ 1,152 ಸಾಲು ಅಷ್ಟೇ, ಬಡಕಲು ಸಿಗ್ನಲ್‌ನಲ್ಲೂ ಬೇಗ ಹೋಗುತ್ತದೆ. ಸರ್ವರ್‌ಗೆ ಸೇರಿದ ಸಾಲನ್ನೂ ಕಾರ್ಡ್‌ನಿಂದ ಅಳಿಸಬೇಡಿ. ಜಾಗಕ್ಕೇನು ಬರ ಇಲ್ಲ ಅಂತ ಮೇಲೆ ನೋಡಿದೆವು ಅಲ್ವಾ?

ಕಳಿಸಿದ ಸಾಲೇ ಎರಡೆರಡು ಸಲ ಬಂದು ಕೂತಿದೆ.

ಯಂತ್ರ ಕಳಿಸಿತು, ಸರ್ವರ್‌ನ "ಬಂತು" ದಾರಿಯಲ್ಲಿ ಕಳೆದುಹೋಯಿತು, ಯಂತ್ರ ಮತ್ತೆ ಕಳಿಸಿತು. ಎಂಕ್ಯುಟಿಟಿಯಲ್ಲಿ (ಇಂಥ ಯಂತ್ರಗಳು ಸರ್ವರ್‌ಗೆ ಸಂದೇಶ ಕಳಿಸುವ ಒಂದು ಪದ್ಧತಿ) ಕ್ಯುಒಎಸ್ 1 ಅನ್ನುವ ತಲುಪಿಸುವ ಮಟ್ಟ ಇಟ್ಟವರಿಗೆ ಇದು ಮಾಮೂಲು. ಕನಿಷ್ಠ ಒಂದು ಸಲ ತಲುಪಿಸುತ್ತೇನೆ ಅನ್ನುವುದಷ್ಟೇ ಅದರ ಮಾತು. ಕಳಿಸೋದನ್ನು ಕಡಿಮೆ ಮಾಡಲು ಹೋಗಬೇಡಿ. ಸರ್ವರ್ ಕಡೆ ಯಂತ್ರದ ನಂಬರ್ ಮತ್ತು ಸಮಯ ಎರಡೂ ಸೇರಿ ಒಂದೇ ಸಲ ಇರಬೇಕು ಅಂತ ಡೇಟಾಬೇಸ್‌ನಲ್ಲಿ ನಿಯಮ ಹಾಕಿ. ಎರಡನೇ ಸಲ ಬಂದ ಸಾಲು ತಾನಾಗಿ ಹೊರಗೆ ಉಳಿಯುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಕಾರ್ಡ್ ಓದ್ತಾನೇ ಇಲ್ಲ. ಫಾರ್ಮ್ಯಾಟ್ ಮಾಡಲಾ?

ಬೇಡ! ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ. ಮೊದಲು ಕಾರ್ಡ್‌ನ ಪೂರ್ತಿ ಇಮೇಜ್ ನಕಲು (ಕಾರ್ಡ್‌ನಲ್ಲಿರೋದೆಲ್ಲ ಇದ್ದ ಹಾಗೇ) ತೆಗೆಸಿ, ರಿಪೇರಿ ಪ್ರಯತ್ನ ಎಲ್ಲಾ ಆ ನಕಲಿನ ಮೇಲೆ ಮಾಡಿ. ಸಿಎಸ್‌ವಿ ಬರಿಯ ಅಕ್ಷರಗಳ ಕಡತ ಆದ್ದರಿಂದ ಕಡತಗಳ ಪಟ್ಟಿ ಹಾಳಾಗಿದ್ದರೂ ಒಳಗಿನ ಸಾಲುಗಳನ್ನು ಹೆಕ್ಕಿ ತೆಗೆಯಲು ಬಹಳ ಸಲ ಸಾಧ್ಯವಾಗುತ್ತದೆ.

ಇದು ಆಗೋದು ಬರೆಯುವ ಗಳಿಗೆಯಲ್ಲೇ ಕರೆಂಟ್ ಹೋದಾಗ. ಕಡತವನ್ನು ದಿನವಿಡೀ ತೆರೆದಿಡದೆ ಪ್ರತಿ ಸಾಲು ಬರೆದ ಮೇಲೆ ಮುಚ್ಚಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಬೋರ್ಡ್‌ನ ಒಳಗಿನ ಫ್ಲ್ಯಾಶ್‌ನಲ್ಲೇ ಬರೆಯುವವರು ಲಿಟ್ಲ್‌ಎಫ್‌ಎಸ್ ಬಳಸಿ. ನಡುವೆ ಕರೆಂಟ್ ಹೋದರೂ ಹಾಳಾಗದ ಹಾಗೆ ಮಾಡಿದ ವ್ಯವಸ್ಥೆ ಅದು. ಎಲ್ಲಕ್ಕಿಂತ ಮುಖ್ಯ, ಯಂತ್ರ ಯಾವಾಗಲೂ ಬ್ಯಾಟರಿಯಿಂದ ಓಡಲಿ. ಮನೆ ಕರೆಂಟ್‌ನ ಕೆಲಸ ಬ್ಯಾಟರಿ ತುಂಬಿಸೋದು ಮಾತ್ರ.

## ದಾಖಲೆ ತೆಗೆದು ಬಳಸುವಾಗ

ನಾನು ಬೆಂಗಳೂರಲ್ಲಿ ಇರ್ತೀನಿ, ತೋಟ ಸೋಮವಾರಪೇಟೆ ಹತ್ತಿರ. ಇಲ್ಲಿಂದಲೇ ಕಾರ್ಡ್‌ನಲ್ಲಿರೋದು ತೆಗೀಬಹುದಾ?

ತೆಗೆಯಬಹುದು, ಆದರೆ ನೀವು ಒಳಗೆ ಹೋಗಿ ತೆಗೆಯುವುದಕ್ಕಿಂತ ಯಂತ್ರವೇ ಹೊರಗೆ ಕಳಿಸುವ ದಾರಿ ಒಳ್ಳೆಯದು. ಮೊಬೈಲ್ ಸಿಮ್ ಹಾಕಿದ ರೂಟರ್‌ಗೆ ಸಾಮಾನ್ಯವಾಗಿ ಹೊರಗಿನಿಂದ ನೇರ ಬಾಗಿಲು ಇರೋದಿಲ್ಲ. ಒಂದೇ ವಿಳಾಸವನ್ನು ಎಷ್ಟೋ ಗ್ರಾಹಕರು ಹಂಚಿಕೊಂಡಿರುತ್ತಾರೆ. ಫೈಬರ್ ಇದ್ದು ಬಾಗಿಲು ತೆರೆಯಲು ಬಂದರೂ ಯಂತ್ರದ ವೆಬ್ ಪುಟವನ್ನು ಹಾಗೇ ಇಂಟರ್ನೆಟ್‌ಗೆ ಬಿಡಬೇಡಿ. ಕಂಪನಿ ಹಾಕಿದ ಪಾಸ್‌ವರ್ಡ್ ಹಾಗೇ ಇರುವ ಯಂತ್ರಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಂಗಳಿವೆ. ಒಳಗೆ ಹೋಗಲೇಬೇಕು ಅಂದರೆ ವೈರ್‌ಗಾರ್ಡ್ ಥರದ ವಿಪಿಎನ್ (ಇಂಟರ್ನೆಟ್ ಮೂಲಕ ನಿಮಗೆ ಮಾತ್ರ ತೆರೆಯುವ ಗುಟ್ಟಿನ ದಾರಿ) ಹಾಕಿಸಿ.

ತೆಗೆದ ಮೇಲೆ ಒಂದು ಸಣ್ಣ ಪರೀಕ್ಷೆ: ದಿನದ ಕಡತದಲ್ಲಿ ತಲೆಸಾಲು ಬಿಟ್ಟು 288 ಸಾಲು ಇದೆಯಾ ನೋಡಿ. ಕಡಿಮೆ ಇದ್ದರೆ ದಾರಿಯಲ್ಲಿ ತುಂಡಾಗಿದೆ, ಇಲ್ಲ ಯಂತ್ರವೇ ಬರೆದಿಲ್ಲ. ಯಾವುದು ಅಂತ ಕಾರ್ಡ್ ಹೇಳುತ್ತದೆ.

ಎಕ್ಸೆಲ್‌ನಲ್ಲಿ ತೆರೆದೆ, ತಾರೀಕು ತಿಂಗಳು ಎಲ್ಲಾ ಉಲ್ಟಾ ಆಯ್ತು.

07-06 ಅಂತ ಬರೆದರೆ ಅದು ಜೂನ್ 7ರೋ ಜುಲೈ 6ರೋ ಅಂತ ಎಕ್ಸೆಲ್ ತಾನೇ ತೀರ್ಮಾನಿಸುತ್ತದೆ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆದರೆ ಈ ಗೊಂದಲ ಇಲ್ಲ. ಮೂಲ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಅದರ ಮೇಲೇ ಸೇವ್ ಮಾಡಬೇಡಿ, ನಕಲು ತೆರೆಯಿರಿ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಮಾತ್ರ ಹಿಡಿಯುತ್ತದೆ. ನಿಮಿಷಕ್ಕೊಂದು ಸಾಲು ಬರೆಸುವವರಿಗೆ ಎರಡು ವರ್ಷಕ್ಕೆ 10,51,200 ಆಗುತ್ತದೆ, ಕೊನೆಯ ಎರಡು ಸಾವಿರ ಚಿಲ್ಲರೆ ಸಾಲಿಗೆ ಅಲ್ಲಿ ಜಾಗ ಇಲ್ಲ. ಅಷ್ಟಾದವರು ಎಸ್‌ಕ್ಯುಲೈಟ್‌ಗೆ ಹೋಗಿ. ಪೂರ್ತಿ ಡೇಟಾಬೇಸ್ ಒಂದೇ ಕಡತದಲ್ಲಿ ಇರುತ್ತದೆ, ಬೇರೆ ಸರ್ವರ್ ಬೇಡ.

ಖಾಲಿ ಇರೋ ಕಡೆ ಸೊನ್ನೆ ತುಂಬಿಸಿಬಿಡಲಾ? ಗ್ರಾಫ್ ಚೆನ್ನಾಗಿ ಕಾಣುತ್ತೆ.

ದಯವಿಟ್ಟು ಬೇಡ. ಸೊನ್ನೆ ಅಂದರೆ "ನೋಡಿದೆ, ಮಳೆ ಬರಲಿಲ್ಲ". ಖಾಲಿ ಅಂದರೆ "ನೋಡಲಿಲ್ಲ". ಎರಡನ್ನೂ ಬೆರೆಸಿದರೆ ಜೋರು ಮಳೆಗೆ ಯಂತ್ರ ನಿಂತ ದಿನವೇ ಒಣ ದಿನ ಅಂತ ದಾಖಲಾಗುತ್ತದೆ. ಆಮೇಲೆ ಅದನ್ನು ಬೇರ್ಪಡಿಸೋಕೆ ಆಗೋದಿಲ್ಲ.

ಸೆನ್ಸರ್‌ಗಳು ಹೇಳುವ ಸುಳ್ಳು ಅಂಕಿಗಳೂ ಇವೆ. ಡಿಎಸ್18ಬಿ20 ಉಷ್ಣತೆ ಸೆನ್ಸರ್ ಆನ್ ಆದ ಕೂಡಲೇ ಅಳೆಯುವ ಮೊದಲೇ ಓದಿದರೆ 85 ಡಿಗ್ರಿ ಅನ್ನುತ್ತದೆ. ವೈರ್ ಕಿತ್ತುಹೋಗಿದ್ದರೆ ಅದರ ಲೈಬ್ರರಿ ಮೈನಸ್ 127 ಕೊಡುತ್ತದೆ. ಮೂಲದಲ್ಲಿ ಇವನ್ನೂ ಅಳಿಸಬೇಡಿ. ಪಕ್ಕದಲ್ಲಿ ಒಂದು ಗುರುತಿನ ಅಂಕಣ ಮಾಡಿ "ನಂಬಬೇಡ" ಅಂತ ಹಾಕಿ, ಲೆಕ್ಕ ಹಾಕುವಾಗ ಅಂಥ ಸಾಲು ಬಿಡಿ.

ಐದು ನಿಮಿಷದ್ದನ್ನ ದಿನದ ಲೆಕ್ಕಕ್ಕೆ ತರೋದು ಹೇಗೆ? ಎಲ್ಲದಕ್ಕೂ ಸರಾಸರಿ ತೆಗೆದರೆ ಆಯ್ತಾ?

ಒಂದೊಂದಕ್ಕೆ ಒಂದೊಂದು ಲೆಕ್ಕ. ಮಳೆಯನ್ನು ಕೂಡಬೇಕು. ಉಷ್ಣತೆಗೆ ಸರಾಸರಿಯ ಜೊತೆ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಇಡಬೇಕು. ಗಾಳಿಯ ವೇಗಕ್ಕೆ ಸರಾಸರಿ ಜೊತೆ ಜೋರಾಗಿ ಬೀಸಿದ ಒಂದು ಅಂಕಿ ಬೇಕು, ಮರ ಬೀಳಿಸೋದು ಅದೇ ತಾನೆ.

ಎಡವೋದು ಗಾಳಿಯ ದಿಕ್ಕಿನಲ್ಲಿ. ಒಂದು ಸಲ 350 ಡಿಗ್ರಿ, ಇನ್ನೊಂದು ಸಲ 10 ಡಿಗ್ರಿ, ಎರಡೂ ಹೆಚ್ಚುಕಡಿಮೆ ಉತ್ತರದ ಗಾಳಿ. ಕೂಡಿ ಎರಡರಿಂದ ಭಾಗಿಸಿದರೆ 180 ಬರುತ್ತದೆ, ಅಂದರೆ ದಕ್ಷಿಣ! ದಿಕ್ಕನ್ನು ಸೈನ್, ಕೊಸೈನ್ ಮಾಡಿ, ಅವುಗಳ ಸರಾಸರಿ ತೆಗೆದು, ಮತ್ತೆ ಕೋನಕ್ಕೆ ತಿರುಗಿಸಬೇಕು. ದಿನದ ಲೆಕ್ಕ ಯಾವತ್ತೂ ಬೇರೆ ಕಡತದಲ್ಲಿ ಇರಲಿ. ಲೆಕ್ಕ ತಪ್ಪಿದ್ದು ಆಮೇಲೆ ಗೊತ್ತಾದರೆ ಮೂಲದಿಂದ ಮತ್ತೆ ಮಾಡಬಹುದು.

ಮಳೆ ನಿಂತು ಎರಡು ಗಂಟೆ ಆದರೂ ಯಂತ್ರದಲ್ಲಿ ಮಳೆ ಬರ್ತಾನೇ ಇದೆ ಅಣ್ಣ.

ಆಲಿಕೆಯ ತೂತಿಗೆ ಎಲೆಯೋ, ಜೇಡನ ಬಲೆಯೋ ಸಿಕ್ಕಿದೆ. ನಿಂತ ನೀರು ತೊಟ್ಟಿಕ್ಕುತ್ತಿದೆ. ದಾಖಲೆಯಲ್ಲಿ ಇದನ್ನು ಗುರುತಿಸೋದು ಸುಲಭ. ನಿಜವಾದ ಮಳೆಯ ಎಣಿಕೆ ಏರಿಳಿಯುತ್ತದೆ: 9, 14, 3, 0, 6. ಕಟ್ಟಿಕೊಂಡ ಆಲಿಕೆಯದ್ದು ಜೋರು ಮಳೆಯಲ್ಲೂ ಏರದೆ, ನಿಂತ ಮೇಲೂ ಇಳಿಯದೆ 2, 2, 2, 2, 1, 2 ಅಂತ ಹೋಗುತ್ತಲೇ ಇರುತ್ತದೆ. ಆಲಿಕೆ ತುಂಬಿ ಹೊರಗೆ ಚೆಲ್ಲಿರದಿದ್ದರೆ ಒಟ್ಟು ಮಳೆ ಸರಿಯೇ ಇರುತ್ತದೆ, ಹೊತ್ತು ಮಾತ್ರ ತಪ್ಪು.

ಸ್ವಚ್ಛ ಮಾಡುವಾಗ ಬಟ್ಟಲು ಕೈ ತಾಗಿ ಮಗುಚಿದರೂ ಎಣಿಕೆ ಏರುತ್ತದೆ. ಆದ್ದರಿಂದ ಒಂದು ನಿರ್ವಹಣೆ ಪುಸ್ತಕ ಇಡಿ: ಯಾವಾಗ ತೊಳೆದಿರಿ, ಸೆನ್ಸರ್ ಯಾವಾಗ ಬದಲಾಯಿತು, ಕಂಬ ಎಲ್ಲಿಂದ ಎಲ್ಲಿಗೆ ಹೋಯಿತು. ಪಕ್ಕದ ಸಿಲ್ವರ್ ಓಕ್ ಕಡಿಸಿದರೂ ಬರೆಯಿರಿ, ಗಾಳಿಯ ಲೆಕ್ಕ ಅಂದಿನಿಂದ ಬೇರೆ.

ಅಜ್ಜನ ಕಾಲದಿಂದ ತೋಟದ ರೈಟರು (ಲೆಕ್ಕ ಬರೆಯುವವರು) ಬರೆದ ಮಳೆ ಪುಸ್ತಕ ಇದೆ. ಅದನ್ನೂ ಇದಕ್ಕೆ ಸೇರಿಸಬಹುದಾ?

ಖಂಡಿತ ಸೇರಿಸಿ, ಆದರೆ ಬೆರೆಸಬೇಡಿ. ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ. ಆಮೇಲೆ ತಾರೀಕು, ಪುಸ್ತಕದಲ್ಲಿದ್ದ ಇಂಚು–ಸೆಂಟ್ಸ್, ಮಿ.ಮೀ., ಪುಟದ ನಂಬರ್ ಹೀಗೆ ನಾಲ್ಕು ಅಂಕಣದಲ್ಲಿ ಟೈಪ್ ಮಾಡಿ. ರೈಟರು ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಆ ಮಳೆಯನ್ನು ಹಿಂದಿನ ದಿನಕ್ಕೆ ಬರೆಯುತ್ತಿದ್ದರೋ ಅಂದಿಗೇ ಬರೆಯುತ್ತಿದ್ದರೋ ಅಂತ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಖಾಲಿ ಬಿಟ್ಟ ದಿನ ಮಳೆ ಇರಲಿಲ್ಲವೋ, ರೈಟರು ರಜೆಯಲ್ಲಿದ್ದರೋ ಅನ್ನೋದನ್ನೂ ಕೇಳಿ.

ಹಳೇ ಮಾಪಕವನ್ನು ಕೀಳಬೇಡಿ. ಒಂದು ಪೂರ್ತಿ ಮಳೆಗಾಲ ಎರಡರಲ್ಲೂ ಅಳೆದರೆ ಯಂತ್ರ ಎಷ್ಟು ಕಡಿಮೆ ತೋರಿಸುತ್ತದೆ ಅಂತ ಗೊತ್ತಾಗುತ್ತದೆ. ಬಟ್ಟಲು ಮಗುಚುವ ಗಳಿಗೆಯಲ್ಲಿ ಬಿದ್ದ ನೀರು ಲೆಕ್ಕ ತಪ್ಪುವುದರಿಂದ ರಭಸದ ಮಳೆಯಲ್ಲಿ ಈ ಮಾಪಕಗಳು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಹೇಳುತ್ತವೆ. ಪುಸ್ತಕದ್ದು ಒಂದು ಕಡತ, ಯಂತ್ರದ್ದು ಇನ್ನೊಂದು. ಎರಡರ ಮೂರು ನಕಲು ಇರಲಿ: ಒಂದು ತೋಟದ ಮನೆಯ ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಊರಲ್ಲಿರುವ ಮಗನದ್ದೋ ತಂಗಿಯದ್ದೋ ಮನೆಯಲ್ಲಿ.